ಚಿಪವ್ವನ ಪಾಲಿಗೆ ಹೋದ ಕನ್ನಡ

ಆಗ ಸ್ಕಾರ್‌ಬರೋದ ನಮ್ಮ ಮನೆಯ ಬೇಸ್‌ಮೆಂಟಿಗೆ ಬೇರೆ ಬಾಗಿಲು ಇರಲಿಲ್ಲ. ಬಾಡಿಗೆಗೆ ಬಂದವರು ನಮ್ಮ ಅಡುಗೆಮನೆ ಹಾದೇ ಕೆಳಗಿಳಿಯಬೇಕು. ಹೀಗಾಗಿ ಆ ದಿನಗಳಲ್ಲಿ ಯಾರ ಒಲೆಯ ಮೇಲೆ ಏನು ಬೇಯುತ್ತಿದೆ, ಯಾರು ಯಾವ ಶಿಫ್ಟಿಗೆ ಹೊರಟರು, ಯಾರ ಬೂಟಿನಿಂದ ಎಷ್ಟು ಹಿಮ ಒಳಗೆ ಬಂತು ಎಂಬುದೆಲ್ಲ ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತಿತ್ತು. ನನಗೆ ಹತ್ತು ವರ್ಷವಾಗಿದ್ದಾಗ, ಚಳಿಗಾಲ ಶುರುವಾಗುವ ಹೊತ್ತಿಗೆ, ಹಾಗೆ ನಮ್ಮ ಅಡುಗೆಮನೆ ಹಾದು ಕೆಳಗಿಳಿದವರು ಚಿಪೊ ಮತ್ತು ಅವಳ ತಾಯಿ. ತಾಯಿ ಇಳಿದರು. ಚಿಪೊ ಮಾತ್ರ ಅಡುಗೆಮನೆಯಲ್ಲೇ ಉಳಿದುಬಿಟ್ಟಳು.

ಅವರು ಜಿಂಬಾಬ್ವೆಯವರು. ಕೆಲವು ವರ್ಷ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿದ್ದರಂತೆ, ಅಲ್ಲೇನೋ ಗಲಾಟೆಯಾಗಿ ಇಲ್ಲಿಗೆ ಬಂದರಂತೆ. ಅಪ್ಪನಿಗೆ ಗೊತ್ತಿದ್ದದ್ದು ಅಷ್ಟೇ. ಚಿಪೊಳ ತಾಯಿ ವೃದ್ಧಾಶ್ರಮವೊಂದರಲ್ಲಿ ಮಧ್ಯಾಹ್ನದ ಶಿಫ್ಟು ಮಾಡುತ್ತಿದ್ದರು. ಚಿಪೊ ನನ್ನ ಕ್ಲಾಸೇ. ಶಾಲೆ ಬಿಟ್ಟ ಮೇಲೆ ಮಗುವನ್ನು ಒಂಟಿಯಾಗಿ ಬೇಸ್‌ಮೆಂಟಿನಲ್ಲಿ ಬಿಡುವುದೆಂದರೆ ಅವ್ವನಿಗೆ ಹೇಗೆ ಸೇರೀತು?

"ಇಬ್ರೂ ಇಲ್ಲೇ ಕುಂದರ್ರಿ ನನ್ನ ಕಣ್ಮುಂದ," ಎಂದಳು.

ಅವ್ವ ಧಾರವಾಡದ ಹತ್ತಿರದ ಹಳ್ಳಿಯವಳು. ಅವಳ ಇಂಗ್ಲಿಷು ಬಸ್ಸಿಗೆ, ಅಂಗಡಿಗೆ ಸಾಕಾಗುವಷ್ಟು. ಅವಳು ನನ್ನೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದಳು, ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ. ಇಬ್ಬರಿಗೂ ಅದರಲ್ಲಿ ಏನೂ ಕೊರತೆ ಕಂಡಿರಲಿಲ್ಲ, ಚಿಪೊ ಬರುವವರೆಗೆ.

ಮೊದಲ ದಿನ ಅವಳು ಕೋಟನ್ನೂ ಬಿಚ್ಚದೆ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅವ್ವ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಹಸಿಮೆಣಸಿನ ಘಾಟಿಗೆ ಕೆಮ್ಮುತ್ತಲೇ ಚಿಪೊ ತೋಳು ಮಡಚಿ ಮೊಣಕೈ ತೋರಿಸಿ, ಇದಕ್ಕೆ ನಿಮ್ಮ ಭಾಷೆಯಲ್ಲಿ ಏನನ್ನುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೊಸ ಭಾಷೆಯಲ್ಲಿ ಮಕ್ಕಳು ಮೊದಲು ಕೇಳುವುದು ನೀರು, ಊಟ, ಇಲ್ಲವೇ ಬೈಗುಳ. ಇವಳು ಮೊಣಕೈ ಕೇಳಿದಳಲ್ಲ ಎಂದು ನನಗೆ ನಗು ಬಂತು.

"ಮೊಳಕೈ," ಎಂದಳು ಅವ್ವ.

"ಮೊಲಕೈ."

"ಲ ಅಲ್ಲವಾ, ಳ. ನಾಲಿಗಿ ಹಿಂದಕ ಮಡಚು."

ಚಿಪೊ ನಾಲಿಗೆ ಮಡಚಿದಳು. ಅವಲಕ್ಕಿ ಆರುವವರೆಗೂ ಬಿಡದೆ ಹೇಳಿ ಹೇಳಿ ಕೊನೆಗೆ ಸರಿಯಾದ ಳ ತಂದಳು. ಅವ್ವ ಸೌಟು ಹಿಡಿದೇ ಚಪ್ಪಾಳೆ ತಟ್ಟಿದಳು. ನನ್ನ ಬಾಯಿಗೆ ಆ ಅಕ್ಷರ ಅದುವರೆಗೂ ಬಂದಿರಲಿಲ್ಲ. ಬಂದಿಲ್ಲವೆಂದು ಯಾರೂ ಹೇಳಿಯೂ ಇರಲಿಲ್ಲ.

ಕ್ರಿಸ್‌ಮಸ್ ರಜೆಯ ಹೊತ್ತಿಗೆ ಅವಳು ಚಿಪವ್ವ ಆಗಿದ್ದಳು. ನಾನು ಬರೀ ಗೀತಾ. ಅವಳು ಸ್ಟೂಲಿನ ಮೇಲೆ ನಿಂತು ಜೋಳದ ಹಿಟ್ಟು ನಾದುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು. ಅವಳ ರೊಟ್ಟಿ ಮೂಲೆಮೂಲೆಗೆ ಹರಿಯುತ್ತಿತ್ತು, ಆದರೂ ಅವ್ವ ಮೊದಲು ಅದನ್ನೇ ಅಪ್ಪನ ತಾಟಿಗೆ ಹಾಕುತ್ತಿದ್ದಳು. ಚಿಪೊಳ ತಾಯಿ ಸೊಪ್ಪಿನ ಪಲ್ಯಕ್ಕೆ ಶೇಂಗಾ ಅರೆದು ಹಾಕುತ್ತಿದ್ದರು. ಅದನ್ನು ಒಂದು ಡಬ್ಬಿಯಲ್ಲಿ ಮೇಲೆ ಕಳಿಸಿದ ದಿನ ಅವ್ವ ಬೆರಳು ಚೀಪುತ್ತ, "ಇದು ನಮ್ಮ ಹಿಂಡಿಪಲ್ಯೇನ ಬಿಡವಾ," ಎಂದಳು. ಹುಣಸೆಹಣ್ಣಿನ ಉಂಡೆಯಿಂದ ಆರಿಸಿಟ್ಟ ಬೀಜಗಳನ್ನು ಮೇಲೆಸೆದು ಹಿಡಿಯುವ ಆಟವೂ ಅವ್ವ, ಚಿಪೊ ಇಬ್ಬರಿಗೂ ಮೊದಲೇ ಗೊತ್ತಿತ್ತು. ಅವ್ವ ಅದನ್ನು ಹಳ್ಳಿಯ ಕಟ್ಟೆಯ ಮೇಲೆ ಆಡಿದ್ದಳು, ಚಿಪೊ ಕಲ್ಲು ಹಿಡಿದು ತನ್ನಜ್ಜಿಯ ಅಂಗಳದಲ್ಲಿ. ಇಬ್ಬರೂ ನೆಲದ ಮೇಲೆ ಕಾಲು ಚಾಚಿ ಕೂತು ಆಡುತ್ತಿದ್ದರು, ಅವ್ವ ಸೋತಾಗಲೆಲ್ಲ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಅವ್ವನಿಗೆ ಅಂಥದೊಂದು ನಗು ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನನ್ನ ಕೈಗೆ ಬೀಜಗಳು ಸಿಗುತ್ತಲೇ ಇರಲಿಲ್ಲ, ಫ್ರಿಜ್ಜಿನ ಕೆಳಗೆ ಉರುಳಿ ಹೋಗುತ್ತಿದ್ದವು.

ಒಂದು ಸಂಜೆ ಸಹಿಸಲಾಗದೆ ಹೊಟ್ಟೆನೋವು ಎಂದು ಮಲಗಿಬಿಟ್ಟೆ. ಅವ್ವ ಬಂದು ಹಣೆ ಮುಟ್ಟಲಿ, ಪಕ್ಕದಲ್ಲಿ ಕೂರಲಿ ಎಂಬ ಆಸೆ. ಅಜವಾನದ ನೀರು ಹಿಡಿದು ಬಂದವಳು ಚಿಪೊ.

"ಬಿಸಿ ಐತಿ. ಊದಿ ಊದಿ ಕುಡಿಬೇಕಂತ ಅವ್ವ ಹೇಳ್ಯಾಳ," ಎಂದಳು.

ನನ್ನ ಅವ್ವನನ್ನು ಅವಳು ಅವ್ವ ಎನ್ನುತ್ತಿದ್ದಳು. ಆ ಕಹಿ ನೀರನ್ನು ಅವಳ ಕಣ್ಣೆದುರೇ ಕುಡಿದು ಮುಗಿಸಬೇಕಾಯಿತು.

ಯುಗಾದಿಗೆ ಕನ್ನಡದವರೆಲ್ಲ ಸೇರಿ ಒಂದು ಶಾಲೆಯ ಸಭಾಂಗಣದಲ್ಲಿ ಕಾರ್ಯಕ್ರಮ ಇಟ್ಟುಕೊಂಡರು. ಮಕ್ಕಳು ವೇದಿಕೆ ಹತ್ತಿ ಕನ್ನಡದಲ್ಲಿ ತಮ್ಮ ಬಗ್ಗೆ ಎರಡು ಮಾತು ಹೇಳಬೇಕು. ಅವ್ವ ನನ್ನ ಜತೆ ಚಿಪೊಳ ಹೆಸರನ್ನೂ ಕೊಟ್ಟಿದ್ದಳು. ಅಷ್ಟಕ್ಕೇ ಮುಗಿಯಲಿಲ್ಲ. ನನಗೆ ಗಿಡ್ಡವಾಗಿದ್ದ ಕೆಂಪು ಪರಕರವನ್ನು ಪೆಟ್ಟಿಗೆಯಿಂದ ತೆಗೆದು ಅವಳಿಗೆ ಉಡಿಸಿದಳು. ಅದು ನನಗೆ ಆಗುವುದಿಲ್ಲ ಎಂಬುದು ನನಗೂ ಗೊತ್ತು. ಅವಳ ಸಣ್ಣ ಸಣ್ಣ ಜಡೆಗಳ ಕೆಳಗೆ ಆ ಕೆಂಪು ಎಷ್ಟು ಒಪ್ಪುತ್ತಿತ್ತೆಂದರೆ ನಾನು ಆ ಕಡೆ ನೋಡಲಿಲ್ಲ.

ವೇದಿಕೆಯ ಮೇಲೆ ನಾನು, "ನನ್ನ ಹೆಸರು ಗೀತಾ, ನಾನು ಐದನೇ ಗ್ರೇಡು," ಎಂದು ಅಲ್ಲಿಗೇ ನಿಂತೆ. ಮುಂದಿನದು ಮರೆತುಹೋಯಿತು. ಆಮೇಲೆ ಚಿಪೊ ಬಂದಳು.

"ಎಲ್ಲಾರಿಗೂ ಶರಣ್ರಿ. ನಾ ಚಿಪೊ. ನಮ್ಮೂರು ಭಾಳ ದೂರ ಐತಿ. ಈಗ ನಾ ಅವ್ವನ ಅಡಿಗಿಮನ್ಯಾಗ ಇರ್ತೀನಿ. ನನಗ ರೊಟ್ಟಿ ಬಡ್ಯಾಕ ಬರ್ತೈತಿ, ಆದ್ರ ಗುಂಡಗ ಆಗಂಗಿಲ್ಲ."

ಸಭಾಂಗಣವೇ ನಕ್ಕಿತು. ಚಪ್ಪಾಳೆ ನಿಲ್ಲಲೇ ಇಲ್ಲ. ನಮ್ಮ ಮಕ್ಕಳಿಗಿಂತ ಚೆನ್ನಾಗಿ ಮಾತಾಡ್ತಾಳಲ್ಲ ಎಂದು ಒಬ್ಬರು ಅವ್ವನ ಕೈ ಕುಲುಕಿದರು. ಅವ್ವನ ಮುಖ ಹೋಳಿಗೆಯ ಹಾಗೆ ಅರಳಿತ್ತು. ನನಗೆ ಹೋಳಿಗೆ ಸೇರಲಿಲ್ಲ.

ಊಟದ ಸಾಲಿನಲ್ಲಿ ಮಿಸಿಸ್ಸಾಗಾದಿಂದ ಬಂದಿದ್ದ ಆಂಟಿಯೊಬ್ಬರು ಅವ್ವನ ಹತ್ತಿರ ಬಂದರು. ಆಗ ಚಪ್ಪಾಳೆ ತಟ್ಟಿದವರಲ್ಲಿ ಅವರೂ ಇದ್ದರು. ತಟ್ಟೆ ಹಿಡಿದು ನಿಂತಿದ್ದ ಚಿಪೊಳ ತಲೆಯ ಮೇಲಿನಿಂದಲೇ ಅವರು ಹೇಳಿದರು:

"ಮುದ್ದಾಗಿ ಬಾಯಿಪಾಠ ಮಾಡ್ಸಿದೀರ ಬಿಡಿ. ಆದ್ರೂ ಇಂಥೋರನ್ನ ಮನೆಯೊಳಗೆ ಬಿಟ್ಕೊಂಡಿದೀರಲ್ಲ, ಭಯ ಆಗಲ್ವಾ? ಒಡವೆಗಿಡವೆ ಲಾಕ್ ಮಾಡಿಡಿ. ಇವ್ರನ್ನ ನಂಬಕ್ಕಾಗಲ್ಲ."

ಚಿಪೊ ತಲೆಯೆತ್ತಿದಳು.

"ಆಂಟಿ, ನನಗ ಕನ್ನಡ ತಿಳೀತೈತ್ರಿ," ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ನಿಮಗೆ ಗೊತ್ತಾಗದೆ ಹೀಗೆ ಅಂದಿರಬೇಕು, ತಿಳಿಸುತ್ತಿದ್ದೇನೆ ಎಂಬಂಥ ದನಿ. ಆಂಟಿಯ ಚಮಚ ಚಿತ್ರಾನ್ನದಲ್ಲೇ ನಿಂತಿತು. ಅವ್ವ ಯಾರಿಗೂ ಎದುರು ಮಾತಾಡಿದವಳಲ್ಲ. ಅವಳ ಕಿವಿ ಕೆಂಪಾದವು. ತನ್ನ ತಟ್ಟೆಯನ್ನು ಮೇಜಿನ ಮೇಲಿಟ್ಟು ಚಿಪೊಳ ಭುಜ ಹಿಡಿದಳು.

"ಆಕಿ ನಮ್ಮ ಮನಿ ಹುಡುಗಿ ರೀ," ಎಂದಳು. "ಗೀತಾ, ನಡಿ ಹೋಗೂಣು."

ನಮ್ಮ ಮನಿ ಹುಡುಗಿ! ಆ ಆಂಟಿಯ ಮಾತಿಗಿಂತ ಅವ್ವನ ಆ ಮಾತೇ ನನ್ನನ್ನು ಹೆಚ್ಚು ಚುಚ್ಚಿತು. ಮನೆಯ ಹುಡುಗಿ ನಾನಲ್ಲವೇ? ಬಸ್ಸಿನಲ್ಲಿ ಅವರಿಬ್ಬರೂ ಒಂದು ಸೀಟಿನಲ್ಲಿ, ನಾನು ಹಿಂದೆ.

ಮನೆಗೆ ಬಂದು ಅವ್ವ ಉಪ್ಪಿಟ್ಟು ಕಲಕಿದಳು. ಯಾರೂ ತಿನ್ನಲಿಲ್ಲ.

"ಬ್ಯಾಸರಾತೇನವಾ ಚಿಪವ್ವ?"

ಚಿಪೊ ತಟ್ಟೆ ಸರಿಸಿ ಕೇಳಿದಳು. "ಅವ್ವಾ, ಭಾಷಾ ಬಂದ್ರ ಬಿಡ್ತಾರಲ್ಲ? ಇಲ್ಲಿ ಯಾಕ ಬಿಡಲಿಲ್ಲ?"

ಅವ್ವನಿಗೆ ಅರ್ಥವಾಗಲಿಲ್ಲ. ಆಗ ಚಿಪೊ ಜೋಹಾನ್ಸ್‌ಬರ್ಗ್‌ನಲ್ಲಿ ಆದದ್ದನ್ನು ಹೇಳಿದಳು. ಇಂಗ್ಲಿಷಿನಲ್ಲಿ ಹೇಳಬಹುದಿತ್ತು, ನಾನು ಅಲ್ಲೇ ನಿಂತಿದ್ದೆ. ಆದರೆ ಅವ್ವನಿಗೆಂದು ಕನ್ನಡದಲ್ಲೇ ಹೇಳಿದಳು.

"ಅಲ್ಲಿ ಗಂಡಸ್ರು ಬಂದ್ರು. ಕೈಯಾಗ ಬಡಿಗಿ ಇದ್ವು. ರೋಡಿನ್ಯಾಗ ಎಲ್ಲಾರ್ನೂ ನಿಲ್ಸಿ, ಇದಕ್ಕ ಏನಂತಾರ ಅಂತ ಕೇಳಿದ್ರು." ತನ್ನ ಮೊಣಕೈ ಮುಟ್ಟಿಕೊಂಡಳು. "ಅಲ್ಲಿ ಮಂದಿಯ ಮಾತಿನ್ಯಾಗ ಹೇಳಬೇಕು. ಬರಲಿಲ್ಲಂದ್ರ ನೀವು ಹೊರಗಿನವ್ರು ಅಂತ ಹೊಡೀತಿದ್ರು. ಅಮ್ಮಗ ಬರ್ತಿದ್ದಿಲ್ಲ. ನಾ ಅಮ್ಮನ ಮುಂದ ನಿಂತು ಹೇಳಿದೆ. ಇಂಡೊಲೊಲ್ವಾನೆ. ಭಾಳ ಉದ್ದ ಐತಿ. ನಾ ಸರಿ ಹೇಳಿದೆ. ಬಿಟ್ರು."

"ನಿನಗ ಯಾರು ಕಲಿಸಿದ್ರವಾ?"

"ಓಣಿ ಹುಡುಗ್ರು. ಆಡೋ ಮುಂದ."

ಆಗ ಅವಳಿಗೆ ಏಳೋ ಎಂಟೋ ವರ್ಷ. ಅವಳಪ್ಪನ ಕ್ಷೌರದಂಗಡಿಯನ್ನು ಅದೇ ವಾರ ಸುಟ್ಟರಂತೆ, ಅವರೊಬ್ಬರೇ ಜಿಂಬಾಬ್ವೆಗೆ ತಿರುಗಿ ಹೋದರಂತೆ. ಅದನ್ನು ಆಮೇಲೆ ಅವಳ ತಾಯಿ ಹೇಳಿದರು. ಆ ಹೊತ್ತಿನಲ್ಲಿ ಅವ್ವ ಇಷ್ಟನ್ನೇ ಕೇಳಿ ನೆಲದ ಮೇಲೆ ಕೂತುಬಿಟ್ಟಳು. ಚಿಪೊಳನ್ನು ತೊಡೆಯ ಮೇಲೆಳೆದುಕೊಂಡು ಅವಳ ಮೊಣಕೈಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಳು.

ನಾನು ಫ್ರಿಜ್ಜಿಗೆ ಒರಗಿ ನೋಡುತ್ತಿದ್ದೆ. ಹತ್ತು ವರ್ಷದ ಮನಸ್ಸು ಎಂಥದ್ದು ಎಂದರೆ, ಆ ಗಂಡಸರು, ಆ ಬಡಿಗೆ, ಆ ಪ್ರಶ್ನೆ ಎಲ್ಲವೂ ನನಗೇ ಆಗಿದ್ದರೆ ಎನಿಸಿತು. ಆ ತೊಡೆಯ ಮೇಲೆ ಈಗ ನಾನಿರುತ್ತಿದ್ದೆನಲ್ಲ.

ಆ ಬೇಸಿಗೆಯಲ್ಲಿ ಚಿಪೊಳ ತಾಯಿಗೆ ವಿಟ್ಬಿ ಎಂಬ ಬೇರೆ ಊರಿನಲ್ಲಿ ಹಗಲಿನ ಕೆಲಸ ಸಿಕ್ಕಿತು. ಅವರು ಹೊರಟ ದಿನ ನಾನು ಮಹಡಿಯ ಕಿಟಕಿಯಿಂದ ವ್ಯಾನು ತಿರುವು ದಾಟುವವರೆಗೆ ನೋಡಿ, ಅವ್ವ ಇನ್ನು ನನ್ನೊಬ್ಬಳವಳೇ ಎಂದು ಕೆಳಗೆ ಓಡಿಬಂದೆ. ಅವ್ವ ಒಬ್ಬಳೇ ಗೋಡೆಗೆ ಒರಗಿ ಕೂತಿದ್ದಳು. ರಾತ್ರಿಯ ಊಟಕ್ಕೆ ಅನ್ನವಷ್ಟೇ ಆಯಿತು. ಅಂದಿನಿಂದ ನಾನು ಕನ್ನಡದಲ್ಲಿ ಮಾತಾಡತೊಡಗಿದೆ. ಪ್ರೀತಿಯಿಂದಲ್ಲ, ಆ ಜಾಗ ಹಿಡಿಯಬೇಕೆಂಬ ಹಟದಿಂದ. ಅವ್ವ ಹಿಗ್ಗಿದಳು, ನಿಜ. ಆದರೆ ನಾನು ತಪ್ಪಿದಾಗಲೆಲ್ಲ, "ಚಿಪವ್ವ ಹಂಗ ಅಂತಿದ್ದಿಲ್ಲ ನೋಡು," ಎಂದು ತಿದ್ದುತ್ತಿದ್ದಳು. ಅವಳ ಬಾಯಿಂದ ಆ ಹೆಸರು ಕೇಳಲಾರದೆ ಊರಿಂದ ಪುಸ್ತಕ ತರಿಸಿ ಓದಿದೆ. ಬರೆಯುವುದು ಕಲಿತೆ. ಹೀಗೆ, ಈಗ ನೀವು ಓದುತ್ತಿರುವ ಕನ್ನಡ ನನಗೆ ಬಂದದ್ದು ಹೊಟ್ಟೆಕಿಚ್ಚಿನಿಂದ.

ಅವ್ವ ತೀರಿಕೊಂಡು ಎರಡು ಚಳಿಗಾಲಗಳಾದವು. ಆ ಮನೆಯನ್ನೂ ಮಾರಿದೆವು. ಕೊಂಡವರು ಬೇಸ್‌ಮೆಂಟಿಗೆ ಹೊರಗಿನಿಂದ ಬೇರೆ ಬಾಗಿಲು ಮಾಡಿಸಿದ್ದಾರೆ. ನಾನೀಗ ನಾರ್ತ್ ಯಾರ್ಕ್‌ನ ಹದಿನಾಲ್ಕನೇ ಮಹಡಿಯಲ್ಲಿದ್ದೇನೆ, ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ. ನನ್ನ ಕನ್ನಡ ಅಚ್ಚುಕಟ್ಟಾಗಿದೆ. ಅದು ಪುಸ್ತಕದ ಕನ್ನಡ, ಅದರಲ್ಲಿ ಅವ್ವ ಇಲ್ಲ.

ಚಿಪೊ ವಿಟ್ಬಿಯಲ್ಲೇ ನರ್ಸಾಗಿದ್ದಾಳೆ. ಅವ್ವ ಇರುವವರೆಗೂ ವಾರವಾರ ಅವ್ವನಿಗೆ ಫೋನು ಮಾಡುತ್ತಿದ್ದಳು, ಈಗ ನನಗೆ ಮಾಡುತ್ತಾಳೆ. ಮೊನ್ನೆ ನನ್ನ ದನಿ ಕಟ್ಟಿತ್ತು.

"ನೆಗಡಿ ಆಗೇತಿ ಹೌದಿಲ್ಲೋ? ಬರಿಗಾಲಿಲೆ ಅಡ್ಡಾಡಿರ್ತಿ. ನಿನಗ ಹೇಳಿ ಹೇಳಿ ನನ್ನ ಬಾಯಿ ಹರೀತು, ಖೋಡಿ!" ಎಂದಳು.

ಮಾತಿನ ಕೊನೆಗೆ ಸಿಟ್ಟು ಹೋಗಿ ಕರುಣೆ ಬರುವ ಆ ಇಳಿತ ಅವ್ವನದು. ನನ್ನ ಗಂಟಲಲ್ಲಿ ಅದು ಹುಟ್ಟುವುದೇ ಇಲ್ಲ, ಕನ್ನಡಿಯ ಮುಂದೆ ನಿಂತು ಪ್ರಯತ್ನಿಸಿದ್ದೇನೆ. ಎದೆಯಲ್ಲಿ ಹಳೆಯ ಕಿಚ್ಚು ಚುರುಕ್ಕೆಂದಿತು. ಚಿಪೊ ಡ್ಯೂಟಿಗೆ ಹೊತ್ತಾಯಿತು, ಇಡುತ್ತೇನೆ ಎಂದಳು.

"ತಡಿ," ಎಂದೆ. "ಇನ್ನೊಂದೀಟು ಬೈಯಿ."