ಇಬ್ಬರು ಹೊಸಮನಿಯವರು ಮತ್ತು ಶಾಂಭವಿ ಮೇಡಂ

ಶಹಾಪುರದ ಗ್ರಂಥಾಲಯದಲ್ಲಿ ಮೂವತ್ತಮೂರು ವರ್ಷ ಸೇವೆ ಸಲ್ಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಶಾಂಭವಿ ಗಣಾಚಾರಿ ಅವರನ್ನು ಯಾದಗಿರಿ ಜಿಲ್ಲೆಯ ಗ್ರಂಥಪಾಲಕರೆಲ್ಲರೂ ಹಿರಿಯಕ್ಕನೆಂದೇ ಬಗೆಯುತ್ತ ಬಂದಿದ್ದಾರೆ. ಪರೀಕ್ಷೆಗೆ ಓದಲು ಮನೆಯಲ್ಲಿ ಜಾಗವಿಲ್ಲದ ಉಮೆಸಲ್ಮಾ ಎಂಬ ಹುಡುಗಿಗೆ ತಮ್ಮ ಮೇಜಿನ ಅರ್ಧವನ್ನು ಎರಡು ವರ್ಷ ಬಿಟ್ಟುಕೊಟ್ಟವರು ಅವರು. ಆಕೆ ಇಂದು ಶಿಕ್ಷಕಿ. ಆದರೆ ಮೇಡಂ ಅವರ ದೊಡ್ಡ ಗುಣ ತಿಳಿಯಬೇಕಾದರೆ ಅವರಿಂದಾದ ಒಂದು ತಪ್ಪನ್ನು ಹೇಳಲೇಬೇಕು.

ನಾಲ್ಕು ವರ್ಷಗಳ ಹಿಂದೆ ಅವರು ‘ನಮ್ಮ ಹೊಸಮನಿಯವರು’ ಎಂಬ ಪುಸ್ತಿಕೆ ಸಿದ್ಧಪಡಿಸಿದರು. ಜಾತಿ ಬೇರೆ, ಊರು ಬೇರೆ, ಅಡ್ಡಹೆಸರು ಮಾತ್ರ ಒಂದೇ ಆದ ಹನ್ನೊಂದು ಮಂದಿ ಸಾಧಕರ ಪರಿಚಯ ಅದರಲ್ಲಿತ್ತು. ಮುನ್ನೂರು ಪ್ರತಿಗಳು ಶಾಲೆಗಳಿಗೆ ಹೋದ ಒಂದೇ ವಾರಕ್ಕೆ ಸುರಪುರದಿಂದ ಫೋನು ಬಂತು.

“ಮೇಡಂ, ನಾ ಚಿತ್ರಕಲಾ ಮಾಸ್ತರ ಸಂಗಮನಾಥ ಹೊಸಮನಿ ಮಾತಾಡಾಕತ್ತೇನ್ರಿ. ನಿಮ್ಮ ಪುಸ್ತಕದಾಗ ನಾ ಸತ್ತು ಆರು ವರ್ಷ ಆಗ್ಯಾವು.”

ಮೇಡಂ ಕಡತ ತೆಗೆದು ನೋಡಿದರು. ‘ಪ್ರವಾಹದಲ್ಲಿ ಜನರನ್ನು ಉಳಿಸಿದ ಎಸ್. ಹೊಸಮನಿ ನಿಧನ’ ಎಂಬ ಹಳೆಯ ಪತ್ರಿಕೆಯ ತುಣುಕು ಮಾಸ್ತರರದೇ ಎಂದು ನಂಬಿ ಅವರು ಅದನ್ನು ಮಾಸ್ತರರ ಪರಿಚಯದಲ್ಲಿ ಸೇರಿಸಿಬಿಟ್ಟಿದ್ದರು. ಮರುದಿನ ಬೆಳಿಗ್ಗೆ ಸುರಪುರದ ಬಸ್ಸು ಹತ್ತಿದರು. ಮಾಸ್ತರರ ಹೆಂಡತಿ ಮಕ್ಕಳು ಅದನ್ನು ಓದಿ ಏನಂದುಕೊಂಡರೋ ಎಂಬ ಚಿಂತೆ ದಾರಿಯುದ್ದಕ್ಕೂ ಕಾಡಿತು.

ಮಾಸ್ತರರು ಚಹಾ ಕೊಟ್ಟು ನಕ್ಕರು. “ನಂದೇನೂ ಹೋಗಿಲ್ಲ ಬಿಡ್ರಿ. ಆದ್ರ ಹೊಳಿ ಬಂದಾಗ ತೆಪ್ಪ ಹಾಕಿ ಮಂದೀನ ದಾಟಿಸಿದಾಂವ ನಾ ಅಲ್ಲ. ನನಗ ಈಸಾಕ ಬರಂಗಿಲ್ಲ. ಅವರು ಕೊಡೇಕಲ್‌ದ ಸಾಯಬಣ್ಣ ಹೊಸಮನಿ.”

ಬದುಕಿದ್ದವರನ್ನು ಕೊಂದದ್ದಕ್ಕಿಂತ ಸತ್ತವರ ಕೆಲಸವನ್ನು ಕಸಿದದ್ದು ದೊಡ್ಡ ತಪ್ಪೆಂದು ಮೇಡಂ ಅವರಿಗೆ ಆಗ ಹೊಳೆಯಿತು. ಅಲ್ಲಿಂದಲೇ ಕೊಡೇಕಲ್ಲಿಗೆ ಹೋದರು. ಸಾಯಬಣ್ಣನವರ ಪತ್ನಿ ಕಲ್ಯಾಣಮ್ಮನವರು ಬೈಯಲಿಲ್ಲ.

“ಸಾಲ್ಯಾಗಿನ ಪುಸ್ತಕ ಸೊಸಿ ಓದಿ ಹೇಳಿದ್ಲು. ಹನ್ನೊಂದು ಹೆಸರು ಕೇಳಿದೆ. ನಮ್ಮವರದು ಬರಲೇ ಇಲ್ಲ. ಮಂದಿ ಮರತಾರಂತ ಸುಮ್ಮಕಾದೆ.”

ಮೇಡಂ ಚೀಲದಿಂದ ನೋಟುಪುಸ್ತಕ ತೆಗೆದರು. “ನೀವ ಹೇಳ್ರಿ ಅವ್ವಾ, ನಾ ಬರಕೊಳ್ತೇನಿ” ಎಂದರು.

ಕಲ್ಯಾಣಮ್ಮನವರು ಸಂಜೆಯವರೆಗೆ ಹೇಳಿದರು. ನಡುವೆ ತಡೆದು, “ಹತ್ತೊಂಬತ್ತು ಮಂದಿ ಉಳದ್ರು ಅಂತಷ್ಟ ಬರೀಬ್ಯಾಡ್ರಿ. ಕೈ ತಪ್ಪಿ ಹೋದ ಒಂದು ಹುಡುಗೀನ್ನೂ ಬರೀರಿ. ಆಕಿ ಸಿಗಲಿಲ್ಲಂತ ಮುಂದ ಅವರು ತೆಪ್ಪ ಮುಟ್ಟಲೇ ಇಲ್ಲ” ಎಂದರು. ಯಾವ ಪತ್ರಿಕೆಯಲ್ಲಿಯೂ ಇಲ್ಲದ ಆ ಮಾತನ್ನು ಮೇಡಂ ಹಾಗೆಯೇ ಬರೆದುಕೊಂಡರು.

ಮಾಸ್ತರರದೊಂದು, ಸಾಯಬಣ್ಣನವರದೊಂದು ಎಂದು ಹೊಸದಾಗಿ ಮುದ್ರಿಸಿದ ಎರಡು ಪುಟಗಳನ್ನು ಹಿಡಿದು, ರಜೆ ಹಾಕಿ, ಜಿಲ್ಲೆಯ ಅಂಚಿನ ಕಡೇಚೂರಿನವರೆಗೂ ಶಾಲೆಯಿಂದ ಶಾಲೆಗೆ ಅಲೆದು, ಸಿಕ್ಕ ಪ್ರತಿಯೊಂದು ಪುಸ್ತಿಕೆಗೂ ತಮ್ಮ ಕೈಯಿಂದಲೇ ಅಂಟಿಸಿದರು. ನಾಲ್ಕು ಪ್ರತಿಗಳು ಮಾತ್ರ ಎಲ್ಲಿ ಹೋದವೋ ತಿಳಿಯಲಿಲ್ಲ. ನಿವೃತ್ತಿಯ ಬಳಿಕ ಏನು ಮಾಡುವಿರೆಂದು ಕೇಳಿದವರಿಗೆ ಮೇಡಂ ಹೇಳುವುದು ಇಷ್ಟೇ: “ಆ ನಾಕು ಪುಸ್ತಕದಾಗ ಸಾಯಬಣ್ಣನವರು ಇನ್ನೂ ಇಲ್ರಿ. ಹುಡುಕಬೇಕು.”

ಅವರ ಕಾಲಿಗೆ ಕಸುವಿರಲಿ, ಕಣ್ಣಿಗೆ ಬೆಳಕಿರಲಿ, ವಯಸ್ಸು ನೂರು ತುಂಬಲಿ. ಆ ನಾಲ್ಕೂ ಪ್ರತಿಗಳು ಅವರ ಕೈಗೇ ಸಿಗಲಿ.