ಶೋರೂಮಿನಲ್ಲಿ ಒಲೆ ಹಚ್ಚಿದ ಅಕ್ಕಾರು

ಅಕ್ಕಾರ ಬಲಗೈ ಉಗುರುಗಳ ಸಂದಿಯಲ್ಲಿ ಕೊನೆಕೊನೆಗೆ ಸದಾ ಜೋಳದ ಹಿಟ್ಟು ಮೆತ್ತಿಕೊಂಡಿರುತ್ತಿತ್ತು. ಗಿರಾಕಿಗಳ ಮುಂದೆ ಲ್ಯಾಮಿನೇಟಿನ ಹಾಳೆಗಳನ್ನು ಬಿಡಿಸಿಟ್ಟು ಬೆರಳು ಮಾಡಿ ತೋರಿಸುವಾಗ ಆ ಬಿಳಿ ಗೆರೆ ಎದ್ದು ಕಾಣುತ್ತಿತ್ತು. ಮೊದಲು ಹಾಗಿರಲಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಅವರ ಕೈ ನಮ್ಮ ಶೋರೂಮಿನಷ್ಟೇ ಸ್ವಚ್ಛವಾಗಿತ್ತು, ಅಷ್ಟೇ ತಣ್ಣಗೂ ಇತ್ತು.

ಅವರು ನನಗೆ ಅಕ್ಕನೂ ಅಲ್ಲ, ಬಳಗವೂ ಅಲ್ಲ. ಮಹಾಂತೇಶ ನಗರದಲ್ಲಿ ಮನೆಗಳ ಒಳಾಂಗಣ ಮಾಡಿಕೊಡುವ ಅಂಗಡಿಯ ಒಡತಿ. ಊರ ಹೊರಗೆ ಮಚ್ಛೆಯ ಶೆಡ್ಡಿನಲ್ಲಿ ಬಡಗಿ ಕೆಲಸ, ಅಂಗಡಿಯಲ್ಲಿ ನಕ್ಷೆ ಮತ್ತು ಮಾತುಕತೆ. ಗಂಡ ಇದ್ದಾಗ ಅದು ಮಂಚ, ಕಪಾಟು ಮಾಡುವ ಜಾಗವಾಗಿತ್ತಂತೆ. ಅವರು ಹೋದ ಮೇಲೆ ಅಕ್ಕಾರು ಅದನ್ನು ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್ ಕಡೆಗೆ ತಿರುಗಿಸಿದರು. ಅವರದು ಕೋಟೆಯ ಹತ್ತಿರದ ಹಳೆಯ ಜೈನ ಮನೆತನ. ಎತ್ತರ ಅಂದರೆ ನನ್ನ ಭುಜಕ್ಕೂ ಬರುತ್ತಿರಲಿಲ್ಲ. ನಾನೋ ಗಳದಂತೆ ಬೆಳೆದವಳು. ಖಾನಾಪುರದಿಂದ ಬೆಳಗಿನ ಬಸ್ಸಿಗೆ ಬಂದು ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವುದು ನನ್ನ ಕೆಲಸ. ನಾವಿಬ್ಬರೂ ಜೊತೆಗೆ ಗಿರಾಕಿಯ ಮನೆ ಹೊಕ್ಕರೆ ಮೊದಲು ನಗು, ಆಮೇಲೆ ಮಾತು.

ಪ್ಲೈವುಡ್ ಬಂದರೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುವುದು ಅವರ ರೂಢಿ. ಬಾಗಿಲು ಕೂಡ ಕೂರಿಸದ, ಸಿಮೆಂಟು ಚೆಲ್ಲಿದ ಮನೆಗೆ ಹೋದರೂ ಚಪ್ಪಲಿ ಹೊರಗೇ ಬಿಡುವರು. ಸಂಜೆ ಹೊತ್ತು ಮುಳುಗುವ ಮೊದಲು ಊಟ ಮುಗಿಯಲೇಬೇಕು. ಎಂಥಾ ದೊಡ್ಡ ಗಿರಾಕಿ ಎದುರಿಗಿದ್ದರೂ, ‘ನೀವು ನೋಡ್ಕೋತ ಇರ್ರಿ, ನಾ ಉಂಡ ಬಂದೆ’ ಎಂದು ಡಬ್ಬಿ ಹಿಡಿದು ಒಳಗೆ ಹೋಗುತ್ತಿದ್ದರು. ಒಬ್ಬರೂ ಸಿಟ್ಟಾಗಿ ಎದ್ದು ಹೋದದ್ದನ್ನು ನಾನು ನೋಡಲಿಲ್ಲ.

ಮಂದಿ ಕೈ ಬಿಗಿಹಿಡಿಯಲು ಶುರುಮಾಡಿದ್ದು ಯಾವ ತಿಂಗಳೆಂದು ಹೇಳಲಾರೆ. ಅಪಾರ್ಟ್‌ಮೆಂಟುಗಳು ಎಲುಬಿನ ಹಂದರವಾಗಿ ನಿಂತುಬಿಟ್ಟವು. ನಕ್ಷೆ ಮಾಡಿಸಿಕೊಂಡು ಹೋದವರು ಮೊದಲು ದೀಪಾವಳಿ ಆಗಲಿ ಅಂದರು, ಆಮೇಲೆ ಯುಗಾದಿ ಆಗಲಿ ಅಂದರು, ಆಮೇಲೆ ಫೋನೇ ಎತ್ತಲಿಲ್ಲ. ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತೆವು. ನನಗೆ ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ದುಃಖವೂ ಇಲ್ಲ. ಬೆಳಿಗ್ಗೆ ಬಸ್ಸು ಹತ್ತುವುದು, ಶೋರೂಮಿನ ಮಾದರಿ ಅಡಿಗೆಮನೆಯ ಧೂಳು ಒರೆಸುವುದು, ಸಂಜೆ ಬಸ್ಸು ಹತ್ತುವುದು. ಇವತ್ತಾದರೂ ಯಾರಾದರೂ ಬಂದರೇ ಎಂದು ಅವ್ವ ಕೇಳಿದರೆ ಹೂಂ ಅಂದೆನೋ ಊಹೂಂ ಅಂದೆನೋ ನನಗೇ ನೆನಪಿರುತ್ತಿರಲಿಲ್ಲ. ಹಲ್ಲು ಕೀಳುವ ಮೊದಲು ದವಡೆ ಜೋಮು ಹಿಡಿಯುತ್ತದಲ್ಲ, ಹಾಗೆ ಆಗಿತ್ತು.

ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಕ್ಕಾರ ಮಗ ಒಂದು ದಿನ ಬಂದು ಶೋರೂಮನ್ನು ಮೇಲಿಂದ ಕೆಳಗೆ ನೋಡಿದರು. ಕೆಟ್ಟ ಮನುಷ್ಯನಲ್ಲ, ಲೆಕ್ಕದ ಮನುಷ್ಯ. ‘ದಸರಾ ತನಕ ನೋಡೂಣು ಅವ್ವಾ. ಆಮ್ಯಾಲ ಕದಾ ಹಾಕಿ ಜಾಗಾ ಬಾಡಿಗಿ ಕೊಡೂಣು’ ಅಂದರು. ಅದೇ ವಾರ ನಮ್ಮ ಮಿಸ್ತ್ರಿ ಮಾಮಾನಿಗೆ ಗೋವಾದಿಂದ ಫೋನು ಬರಲು ಶುರುವಾಯಿತು. ಮಾಮಾ ನಮ್ಮ ಖಾನಾಪುರದ ಕಡೆಯವನೇ, ಶೆಡ್ಡಿನ ಮುಖ್ಯ ಬಡಗಿ. ಸಿಟ್ಟು ಬಂದರೆ ಮರಾಠಿ, ರಜೆ ಬೇಕಾದರೆ ಕನ್ನಡ. ಅವನ ಕೈಕೆಳಗಿನವರು ಆಗಲೇ ಒಬ್ಬೊಬ್ಬರಾಗಿ ಗೋವಾದ ಹೋಟೆಲುಗಳ ಬಡಗಿ ಕೆಲಸಕ್ಕೆ ಹೋಗಿದ್ದರು. ಅವನೂ ಹೋದರೆ ಶೆಡ್ಡು ಮುಚ್ಚಿದಂತೆ. ಶೆಡ್ಡು ಮುಚ್ಚಿದರೆ ನಾನು ಬಿಡಿಸಿದ ನಕ್ಷೆಗಳನ್ನು ಗೋಡೆಗೆ ಅಂಟಿಸಿಕೊಳ್ಳಬೇಕಷ್ಟೇ.

ಹೀಗಿರುವಾಗ ಒಂದು ಬೆಳಿಗ್ಗೆ ಅಕ್ಕಾರು ಆಟೋದಲ್ಲಿ ಗ್ಯಾಸ್ ಸಿಲಿಂಡರು ತಂದಿಳಿಸಿದರು. ಹಿಂದೆಯೇ ನಳದವನು ಬಂದ. ಶೋರೂಮಿನ ಅಡಿಗೆಮನೆ ನೋಡಲಿಕ್ಕಷ್ಟೇ ಇದ್ದದ್ದು. ಅದರ ನಳಕ್ಕೆ ನೀರಿರಲಿಲ್ಲ, ಒಲೆಗೆ ಗ್ಯಾಸಿರಲಿಲ್ಲ, ಬುಟ್ಟಿಯಲ್ಲಿದ್ದ ಸೇಬುಗಳು ಪ್ಲಾಸ್ಟಿಕ್ಕಿನವು. ಅಕ್ಕಾರು ಆ ಸೇಬುಗಳನ್ನು ಎತ್ತಿ ಮೇಲಿಟ್ಟು ನಳಕ್ಕೆ ನೀರು, ಒಲೆಗೆ ಗ್ಯಾಸು ಕೂಡಿಸಿದರು. ಮಾಮಾ ಎದೆ ಬಡಿದುಕೊಳ್ಳುವುದೊಂದು ಬಾಕಿ. ಇದ್ದ ಒಂದು ಮಾದರಿಯನ್ನೂ ಎಣ್ಣೆ ಜಿಡ್ಡು ಮಾಡಿದರೆ ಯಾರಿಗೆ ಏನು ತೋರಿಸುವುದೆಂದು ಅವನ ವಾದ.

‘ಒಲಿ ಹಚ್ಚದ ಅಡಿಗಿಮನಿ ನೋಡಿ ಯಾರಿಗೆ ಹಸಿವಾಗ್ತದೋ?’ ಅಂದರು ಅಕ್ಕಾರು. ‘ಮಧ್ಯಾಹ್ನ ಶೆಡ್ಡಿನವರೆಲ್ಲಾ ಇಲ್ಲೇ ಉಣ್ಣಾಕ ಬರ್ರಿ.’

ಶೆಡ್ಡಿನವರೆಲ್ಲಾ ಅಂದರೆ ಅಷ್ಟೊತ್ತಿಗೆ ಮಾಮಾ ಮತ್ತು ಪಾಲಿಶ್ ಮಾಡುವ ಒಬ್ಬಾತ. ಅಕ್ಕಾರು, ನಾನು ಸೇರಿ ನಾಲ್ಕು ಎಲೆಯ ಊಟ. ಜೈನರ ಅಡಿಗೆ, ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಬಟಾಟೆ ಇಲ್ಲ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಲೆ, ಶೇಂಗಾ ಚಟ್ನಿ. ಬಳ್ಳೊಳ್ಳಿ ಇಲ್ಲದ ಚಟ್ನಿಗೆ ಮಾಮಾ ಮುಖ ಹುಳ್ಳಗೆ ಮಾಡಿದರೆ, ‘ಬಳ್ಳೊಳ್ಳಿ ಬೇಕಿದ್ರ ಗೋವಾಕ್ಕ ಹೋಗು’ ಎನ್ನುತ್ತಿದ್ದರು. ನಗುತ್ತಲೇ ಅನ್ನುವರು. ಮಾಮಾ ತಲೆ ತಗ್ಗಿಸಿ ಇನ್ನೊಂದು ರೊಟ್ಟಿ ಮುರಿಯುತ್ತಿದ್ದ.

ಆದರೆ ಅಡಿಗೆಮನೆಯ ಬಣ್ಣ ಬಯಲಾದದ್ದು ಮೊದಲ ದಿನವೇ. ಅಕ್ಕಾರು ಹಿಟ್ಟಿಗೆ ಎಸರು ಹಾಕಿ ನಾದಿ, ಗ್ರಾನೈಟ್ ಕಟ್ಟೆಯ ಮೇಲೆ ರೊಟ್ಟಿ ಬಡಿಯಲು ಕೈ ಎತ್ತಿದರು. ಕಟ್ಟೆ ಅವರ ಎದೆಯ ಹತ್ತಿರ ಹತ್ತಿರ ಬರುತ್ತಿತ್ತು. ಭುಜದಿಂದ ಬಡಿಯಬೇಕು, ಮೈಭಾರ ಬೀಳುವುದಿಲ್ಲ. ಬಡಿದ ಬಡಿತಕ್ಕೆ ಕೆಳಗೆ ಎಳೆದು ತೆಗೆಯುವ ಟ್ರಾಲಿಯಲ್ಲಿದ್ದ ಚಮಚಗಳೆಲ್ಲ ಝಣಝಣ ಕುಣಿದವು. ನಾಲ್ಕು ರೊಟ್ಟಿಗೆ ಅಕ್ಕಾರು ಭುಜ ಹಿಡಿದುಕೊಂಡು ನಿಂತರು. ಮಾಡ್ಯುಲರ್ ಕಿಚನ್ ಕಂಪನಿಗಳ ಪುಸ್ತಕದಲ್ಲಿ ಯಾವ ಎತ್ತರ ಕೊಟ್ಟಿದ್ದಾರೋ ಅದನ್ನೇ ನಾವು ಊರೆಲ್ಲ ಕಟ್ಟಿದ್ದೆವು. ಆ ಪುಸ್ತಕ ಬರೆದವರ ಮನೆಯಲ್ಲಿ ರೊಟ್ಟಿ ಬಡಿಯುವುದಿಲ್ಲ. ನಮ್ಮ ಮನೆಗಳಲ್ಲಿ ಬಡಿಯುತ್ತಾರೆ, ದಿನಾ ಎರಡು ಹೊತ್ತು. ಇದು ಗೊತ್ತಿಲ್ಲದವರು ನಮ್ಮಲ್ಲಿ ಯಾರೂ ಇರಲಿಲ್ಲ, ಆದರೂ ಯಾರಿಗೂ ಹೊಳೆದಿರಲಿಲ್ಲ. ಅಕ್ಕಾರ ಸ್ವಂತ ಮನೆಯಲ್ಲಿ ಹಳೇ ಕಾಲದ ಒಲೆ, ಕೂತು ಬಡಿಯುವುದು.

ಊಟ ಆದ ಮೇಲೆ ಅವರು ಕೈ ಒರೆಸಿಕೊಂಡು, ‘ನಡಿ ತಂಗಿ, ಒಂದ ಮನಿಗೆ ಹೋಗಿ ಬರೂಣು’ ಅಂದರು. ಅದೇ ಬಡಾವಣೆಯ ಒಬ್ಬ ಸಾಲಿ ಮಾಸ್ತರರ ಮನೆ. ಅವರ ಅಡಿಗೆಮನೆಯ ಫೋಟೋವನ್ನೇ ನಾವು ಅಂಗಡಿಯ ಕಾರ್ಡಿನ ಮೇಲೆ ಹಾಕಿಸಿದ್ದೆವು. ಹೋದಾಗ ಆ ಅಡಿಗೆಮನೆ ಕಾರ್ಡಿನಲ್ಲಿದ್ದಷ್ಟೇ ಹೊಸದಾಗಿ ಥಳಥಳ ಹೊಳೆಯುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ಹಿತ್ತಲ ಪಡಸಾಲೆಯಿಂದ ಪಟಪಟ ಸದ್ದು ಬರುತ್ತಿತ್ತು. ಮಾಸ್ತರರ ಹೆಂಡತಿ ಅಲ್ಲಿ ಸಣ್ಣ ಒಲೆ ಇಟ್ಟುಕೊಂಡು, ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದರು. ನಮ್ಮನ್ನು ಕಂಡು ಗಡಬಡಿಸಿ ಎದ್ದರು.

‘ಕಟ್ಟಿ ಭಾಳ ಚಂದ ಐತ್ರಿ ಅಕ್ಕಾರ’ ಅಂದರು. ‘ಹೊಲಸ ಆಗಬಾರ್ದಂತ ಇಲ್ಲೇ ಮಾಡ್ತೇನ್ರಿ.’

ಅಕ್ಕಾರು ಅವರ ಬಾಜೂ ಕೂತು ಒಂದು ರೊಟ್ಟಿ ಬಡಿದುಕೊಟ್ಟರು. ಚಹಾ ಕುಡಿದು ಹೊರಬಿದ್ದೆವು. ಅಂಗಡಿಗೆ ನಡೆದು ಬರುವಾಗ ಅವರು ಒಂದೇ ಮಾತು ಆಡಿದರು: ‘ಅಕಿ ನನ್ನ ಮರ್ಯಾದಿ ಉಳಿಸಿದಳು ತಂಗಿ. ನಾವು ಅಕಿಗೆ ಅಡಿಗಿಮನಿ ಕೊಟ್ಟಿಲ್ಲ, ಫೋಟೋ ಕೊಟ್ಟೇವಿ.’ ಇಂಥ ಮಾತಿಗೆ ನನ್ನ ಮುಖ ಕೆಂಪಾಗಬೇಕಿತ್ತು. ಆಗಲಿಲ್ಲ, ಅವರ ಪಕ್ಕದಲ್ಲಿ ನಡೆಯುತ್ತಿದ್ದೆ.

ಮಾರನೆಯ ದಿನ ಮಾಮಾ ಶೋರೂಮಿನ ಕಟ್ಟೆಯ ತುದಿಯನ್ನು ಕತ್ತರಿಸಿದ. ಕತ್ತರಿಸಿದಷ್ಟು ಜಾಗದಲ್ಲಿ ಟ್ರಾಲಿ ತೆಗೆದು, ನೆಲದಿಂದ ಕಡಪಾ ಕಲ್ಲು ನಿಲ್ಲಿಸಿ, ಮೇಲಿನ ಗ್ರಾನೈಟನ್ನು ಅಕ್ಕಾರ ಸೊಂಟದ ಎತ್ತರಕ್ಕೆ ಇಳಿಸಿದ. ಬಡಿದರೆ ಏನೂ ಕುಣಿಯಲಿಲ್ಲ, ಒಂದೇ ಗಟ್ಟಿ ಸದ್ದು. ನಾವು ಅದನ್ನು ರೊಟ್ಟಿ ಕಟ್ಟೆ ಅಂದೆವು. ಮೊದಲು ಅದೇ ಮಾಸ್ತರರ ಮನೆಗೆ ಹೋಗಿ, ಆ ತಾಯಿಯನ್ನು ನಿಲ್ಲಿಸಿ ಅಳತೆ ತಗೊಂಡು, ಅಂಥದೇ ಕಟ್ಟೆ ಮಾಡಿಕೊಟ್ಟೆವು. ಆಮೇಲೆ ಹಳೆಯ ಗಿರಾಕಿಗಳ ಮನೆಮನೆಗೆ ಹೊರಟೆವು. ಹೊಸ ಮನೆ ಕಟ್ಟುವ ಧೈರ್ಯ ಯಾರಿಗೂ ಇರಲಿಲ್ಲ, ಇದ್ದ ಅಡಿಗೆಮನೆಯ ಒಂದು ಮೂಲೆ ಇಳಿಸಿಕೊಳ್ಳುವಷ್ಟು ಎಲ್ಲರಿಗೂ ಇತ್ತು. ಕಟ್ಟೆ ನೋಡಲು ಹೆಂಗಸರು ಅಂಗಡಿಗೆ ಬಂದರು, ಬಂದವರ ಕೈಗೆ ಅಕ್ಕಾರು ಹಿಟ್ಟು ಕೊಟ್ಟರು. ಬಡಿದು ನೋಡಿ ಆಮೇಲೆ ಮಾತಾಡಿ ಅನ್ನುವರು. ಒಬ್ಬ ಗಂಡಸು ಇದೇನು ಖಾನಾವಳಿಯೋ ಶೋರೂಮೋ ಎಂದು ನಕ್ಕು ಹೋದ. ಅವನ ಹೆಂಡತಿ ಮರುವಾರ ಒಬ್ಬಳೇ ಬಂದಳು.

ಇದರಿಂದ ನಾವೇನೂ ಉದ್ಧಾರ ಆಗಲಿಲ್ಲ. ಅಂಗಡಿ ಕುಂಟುತ್ತ ನಡೆಯಿತು, ಅಷ್ಟೇ. ದಸರೆ ಬಂತು. ಮಾಮಾ ಗರಗಸ, ಉಳಿ ತೊಳೆದು ಖಂಡೇ ಪೂಜೆ ಮಾಡಿದ. ಪೂಜೆಯ ಮಧ್ಯೆಯೇ ಗೋವಾದ ಫೋನು ಬಂದಾಗ ಇಲ್ಲಿ ಕೆಲಸ ಬಹಳ ಇದೆ ಎಂದು ಮರಾಠಿಯಲ್ಲಿ ಹೇಳಿ ಇಟ್ಟ. ಬಹಳ ಇರಲಿಲ್ಲ. ಅಕ್ಕಾರಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಅವರು ಕೇಳದವರಂತೆ ಊದಿನಕಡ್ಡಿ ಹಚ್ಚಿದರು. ಮಗ ಬನ್ನಿ ಕೊಡಲು ಬಂದವರು ರೊಟ್ಟಿ ಕಟ್ಟೆಯನ್ನು ನೋಡಿ, ಕದ ಹಾಕುವ ಮಾತು ಎತ್ತಲಿಲ್ಲ. ಕೈಬಿಟ್ಟರು ಅಂತಲೂ ಅಲ್ಲ.

ನನಗೂ ರೊಟ್ಟಿ ಕಲಿಸಲು ಅಕ್ಕಾರು ನೋಡಿದರು. ನನ್ನ ಎತ್ತರಕ್ಕೆ ಆ ಕಟ್ಟೆ ಮೊಣಕಾಲಿಗೆ ಬಂದಂತಾಗುತ್ತಿತ್ತು, ಬಗ್ಗಿದರೆ ಸೊಂಟ ಹಿಡಿಯುತ್ತಿತ್ತು, ಅಂಚು ಒಡೆಯುತ್ತಿತ್ತು. ‘ಖಾನಾಪುರದಾಗ ಅನ್ನಾ ಬಸಿಯೂದ ಬಿಟ್ಟು ಏನ ಕಲಿಸ್ಯಾರ ನಿನಗ’ ಎಂದು ನನ್ನನ್ನು ದೂಡಿ ತಾವೇ ನಿಲ್ಲುತ್ತಿದ್ದರು.

ಹೋದ ವರ್ಷದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರು ಏಳಲಿಲ್ಲ. ಮಗನ ಫೋನು ಬಂದಾಗ ನಾನು ಬಸ್ಸಿನಲ್ಲಿದ್ದೆ. ಮಾಮಾನೂ ನಾನೂ ಕೋಟೆಯ ಹತ್ತಿರದ ಆ ಮನೆಗೆ ಹೋದೆವು. ಮಧ್ಯಾಹ್ನದ ಹೊತ್ತಿಗೆ ಎಲ್ಲಾ ಮುಗಿಯಿತು. ಎಲ್ಲರೂ ಅತ್ತರು, ಮಾಮಾ ಕಂಬ ಹಿಡಿದು ಅತ್ತ. ನನಗೆ ಮಾತ್ರ ಏನೂ ಬರಲಿಲ್ಲ. ಪಡಸಾಲೆಯಲ್ಲಿ ಕೂತು, ಈ ಬಾಗಿಲ ಚೌಕಟ್ಟು ಸಾಗುವಾನಿಯೋ ಮತ್ತಿಯೋ ಎಂದು ನೋಡುತ್ತಿದ್ದೆ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೀಗರು ಬುತ್ತಿ ತರಬೇಕು. ಬೀಗರು ಇನ್ನೂ ದಾರಿಯಲ್ಲಿದ್ದರು, ಬರುವುದು ಕತ್ತಲಾಗಬಹುದು ಎಂದು ಯಾರೋ ಅಂದರು. ಕತ್ತಲಾದರೆ ಈ ಮನೆಯವರು ಉಣ್ಣುವುದಿಲ್ಲ. ಬೆಳಗಿನಿಂದ ಯಾರೂ ಉಂಡಿರಲಿಲ್ಲ. ನಾನು ಎದ್ದು ಮಾಮಾನನ್ನು ಕರೆದೆ. ಅಂಗಡಿಗೆ ಬಂದು ಕದ ತೆಗೆದೆವು. ಹಿಟ್ಟಿನ ಡಬ್ಬಿ ಅವರಿಟ್ಟಲ್ಲೇ ಇತ್ತು. ನಾನು ಬಗ್ಗಿ ಬಡಿದೆ, ಮಾಮಾ ಹಂಚಿನ ಮುಂದೆ ನಿಂತು ಬೇಯಿಸಿದ. ಅಂಚು ಒಡೆದವೇ ಹೆಚ್ಚು. ಸೊಂಟ ಮುರಿದುಹೋಗುವಂತೆ ನೋಯುತ್ತಿತ್ತು. ಆ ದಿನ ನನ್ನ ಮೈಯಲ್ಲಿ ನನಗೆ ಗೊತ್ತಾದದ್ದು ಅದೊಂದೇ. ರೊಟ್ಟಿ, ಚಟ್ನಿ ಬಟ್ಟೆಯಲ್ಲಿ ಕಟ್ಟಿಕೊಂಡು ಮಾಮಾನ ಗಾಡಿಯ ಮೇಲೆ ಹೊರಟಾಗ ಬಿಸಿಲು ಗೋಡೆಗಳ ಮೇಲಿನಂಚಿಗೆ ಏರಿತ್ತು.

ಮಗ ಬುತ್ತಿ ನೋಡಿದರು, ನನ್ನನ್ನು ನೋಡಿದರು. ಬೇರೆಯವರ ಅಡಿಗೆ ಆ ಮನೆಯಲ್ಲಿ ಸುಲಭಕ್ಕೆ ಸಲ್ಲುವುದಿಲ್ಲ.

‘ಎಲ್ಲೆ ಮಾಡಿದ್ರಿ?’

‘ಅಕ್ಕಾರ ಕಟ್ಟಿ ಮ್ಯಾಲ್ರಿ.’

ಅವರು ಮನೆಯವರನ್ನೆಲ್ಲ ಕರೆದು ಕೂರಿಸಿ, ತಾವೂ ಕೂತು ಉಂಡರು. ಒಡೆದ ರೊಟ್ಟಿಗಳನ್ನೂ ಬಿಡಲಿಲ್ಲ. ನೆನಪಾಗಿ ನಾನು ಅಂಗಡಿಯ ಕೀಲಿ ತೆಗೆದು ಅವರ ಮುಂದಿಟ್ಟೆ. ಇನ್ನು ಅದು ಅವರ ಜಾಗ, ಬಾಡಿಗೆಗೆ ಕೊಟ್ಟರೂ ಕೊಡಲಿ. ಅವರು ಕೈ ತೊಳೆದು ಬಂದು ಕೀಲಿಯನ್ನು ನನ್ನ ಕಡೆ ಸರಿಸಿದರು.

‘ನಾಳಿ ಯಾರರ ಕಟ್ಟಿ ನೋಡಾಕ ಬಂದ್ರ ಯಾರು ತೋರಸ್ತಾರ್ರಿ? ನೀವ ಇಟಗೊಳ್ರಿ’ ಅಂದರು.

ಅಂಗಡಿ ಇವತ್ತಿಗೂ ಕುಂಟುತ್ತಲೇ ಇದೆ. ಮಾಮಾ ಗೋವಾಕ್ಕೆ ಹೋಗಿಲ್ಲ. ಮಧ್ಯಾಹ್ನ ರೊಟ್ಟಿ ನಾನೇ ಬಡಿಯುತ್ತೇನೆ, ಈಗ ಅಂಚು ಅಷ್ಟೇನೂ ಒಡೆಯುವುದಿಲ್ಲ. ನಾನು ಸೊಂಟ ಹಿಡಿದುಕೊಂಡು ನಿಲ್ಲುವುದನ್ನು ನೋಡಲಾರದೆ ಮಾಮಾ ಮೊನ್ನೆ ಟೇಪು, ಪೆನ್ಸಿಲು ಹಿಡಿದು ಬಂದ. ಊರವರಿಗೆಲ್ಲ ಅವರವರ ಅಳತೆಗೆ ಕಟ್ಟೆ ಮಾಡಿಕೊಡುತ್ತೇವೆ, ಇದನ್ನೂ ನಿನ್ನ ಅಳತೆಗೆ ಏರಿಸೋಣ, ಅರ್ಧ ದಿನದ ಕೆಲಸ ಅಂದ. ಅವನು ಹೇಳಿದ್ದು ಖರೇನೇ. ಅಕ್ಕಾರು ಇದ್ದಿದ್ದರೂ ಅದನ್ನೇ ಹೇಳುತ್ತಿದ್ದರು.

‘ಇರ್ಲಿ ಬಿಡು ಮಾಮಾ’ ಅಂದೆ.

ಅಂದು ಬರದ ಅಳು ಇನ್ನೂ ಬಂದಿಲ್ಲ. ಸೊಂಟ ಮಾತ್ರ ದಿನಾ ನೋಯುತ್ತದೆ. ನೋಯಲಿ.