ಹುಳುಮನೆಯ ಮುಚ್ಚಿದ ಗಾಳಿಕಿಂಡಿ

ನನ್ನ ಕೋಣೆಯ ಹುಳು ನನಗೆ ವಯಸ್ಸಾಗಿದ್ದಕ್ಕೆ ಸಾಯಲಿಲ್ಲ. ಮೊಮ್ಮಗಳು ರೂಪ ಗಾಳಿಕಿಂಡಿ ಮುಚ್ಚಿದಳು, ಅದಕ್ಕೆ ಸತ್ತವು.

ಇದು ಹೋದ ಬೇಸಿಗೆಯ ಮಾತು. ಸುಗಟೂರಿನಲ್ಲಿ ನಾನು ರೇಷ್ಮೆ ಹುಳು ಸಾಕಲು ಶುರುಮಾಡಿ ಆಗಲೇ ನಲವತ್ತೊಂದು ವರ್ಷ. ಓದಿದ್ದು ಮೂರನೇ ಕ್ಲಾಸು. ರೂಪ ಕೋಲಾರದ ಪಾಲಿಟೆಕ್ನಿಕ್ಕೊಂದರಲ್ಲಿ ಎನ್ವಿರಾನ್ಮೆಂಟಲ್ ಕಂಟ್ರೋಲ್ ಟೆಕ್ನಾಲಜಿ ಓದುತ್ತಿದ್ದಳು. ಅಂದರೆ ಕೋಣೆಯ ಶಾಖ, ತೇವ, ಗಾಳಿಯನ್ನು ಯಂತ್ರದಿಂದ ಹದದಲ್ಲಿಡುವ ವಿದ್ಯೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮ ಹುಳುಮನೆಯೇ ಬೇಕೆಂದಳು. ಒಂದು ಕೋಣೆ ಯಂತ್ರಕ್ಕೆ, ಒಂದು ನನಗೆ. ಎರಡಕ್ಕೂ ಒಂದೇ ತಳಿಯ ಹುಳು, ಒಂದೇ ತೋಟದ ಸೊಪ್ಪು. ಎರಡರಲ್ಲೂ ಶಾಖ ಅಳೆಯುವ ಸೆನ್ಸರ್. ಅದನ್ನು ನೋಡುವುದು ರೂಪ, ನನಗೆ ನನ್ನ ಕೈಯೇ ಅಳತೆ.

ಅವಳ ಕೋಣೆಗೆ ಕೂಲರ್ ಕೂರಿಸಿದ ದಿನ ಪಕ್ಕದ ಮನೆಯ ಮುನಿರತ್ನಮ್ಮ ಬಾಗಿಲಲ್ಲಿ ನಿಂತು, “ಏನಕ್ಕಾ, ಹುಳಕ್ಕೆ ಏಸಿ, ನಿಂಗೆ ಬೀಸಣಿಗೇನಾ?” ಅಂದಳು.

“ಹುಳ ಗೂಡು ಕಟ್ತದೆ. ನಾನೇನು ಕಟ್ತೀನಿ, ಹೋಗೇ” ಅಂದೆ.

ನನ್ನ ಕೋಣೆಯಲ್ಲಿ ಒದ್ದೆ ಗೋಣಿತಾಟು ಕಟ್ಟಿದೆ. ಬಿಸಿಗಾಳಿ ಬೀಸುವ ಮಧ್ಯಾಹ್ನ ಕಿಟಕಿ ಹಾಕುತ್ತಿದ್ದೆ. ಒಳಗಿನ ಶಾಖ ಸೂರಿನ ಕೆಳಗಿನ ನಾಲ್ಕು ಗಾಳಿಕಿಂಡಿಯಿಂದ ಹೊರಗೆ ಹೋಗುತ್ತದೆ. ನಾಲ್ಕನೇ ಜ್ವರ, ಅಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು, ಮುಗಿಯುವವರೆಗೂ ಎರಡು ಕೋಣೆಯೂ ಇಪ್ಪತ್ತೈದು ಡಿಗ್ರಿಯ ಆಸುಪಾಸಿನಲ್ಲೇ ಇದ್ದವು. ನನಗೆ ಖುಷಿ. ಅವಳ ಮುಖ ಮಾತ್ರ ಬಾಡಿತ್ತು.

ಜ್ವರದಿಂದ ಎದ್ದ ಮೂರನೇ ದಿನ ನನ್ನ ಹುಳು ಸೊಪ್ಪು ಮುಟ್ಟಲಿಲ್ಲ. ಮೈ ಮೆತ್ತಗಾಗಿ ನಾರತೊಡಗಿದವು. ಶಾಖ ಹೆಚ್ಚಾದರೆ ಬರುವ ಸಪ್ಪೆ ರೋಗ. ಸೆನ್ಸರ್ ಮೂವತ್ತೆರಡು ತೋರಿಸಿತು.

“ನಿನ್ ಕೈಗೆ ಈಗ ಶಾಖ ಗೊತ್ತಾಗಲ್ಲಜ್ಜಿ. ವಯಸ್ಸಾಯ್ತಲ್ಲ” ಅಂದಳು ರೂಪ.

ನಂಬಿದೆ. ಎರಡು ದಿನ ನನ್ನ ಕೈಯನ್ನೇ ಬೈದುಕೊಂಡೆ.

ಎರಡನೇ ದಿನ ಸಂಜೆ, ಸೂರಿನ ಶೀಟಿನ ಮೇಲೆ ತೆಂಗಿನ ಗರಿ ಹಾಕೋಣವೆಂದು ಏಣಿ ಹತ್ತಿದೆ. ನಾಲ್ಕು ಕಿಂಡಿಗೂ ಹೊರಗಿನಿಂದ ಥರ್ಮೋಕೋಲ್ ಹಾಕಿತ್ತು. ಗಾಳಿಗೆ ಹಾರಿ ಬಂದದ್ದಲ್ಲ, ಅಳತೆಗೆ ಕೊಯ್ದು ಕೂರಿಸಿದ್ದು.

“ಯಾರೇ ಮುಚ್ಚಿದ್ದು?”

ರೂಪ ಸುಳ್ಳು ಹೇಳಲಿಲ್ಲ. “ಎರಡು ಕೋಣೇನೂ ಒಂದೇ ಥರ ಬಂದ್ರೆ ಮಿಷಿನ್ ಯಾಕೆ ಅಂತಾರಜ್ಜಿ. ಸ್ವಲ್ಪ ವ್ಯತ್ಯಾಸ ಬರ್ಲಿ ಅಂತ... ಸಾಯ್ತವೆ ಅಂದ್ಕೊಂಡಿರ್ಲಿಲ್ಲ.”

“ಹುಳ ಸತ್ತಿದ್ದು ಹಂಗಿರ್ಲಿ. ಮುಚ್ಚಿದೋಳು ನೀನು, ಕೆಟ್ಟಿದ್ದು ನನ್ ಕೈ ಅಂದ್ಯಲ್ಲೇ?”

“ನಾಳೆ ರಿಪೋರ್ಟ್ ಕೊಡ್ಬೇಕು. ಇದೊಂದ್ಸಲ ಸುಮ್ನಿರಜ್ಜಿ, ಡಿಪ್ಲೊಮಾ ಹೋಗ್ತದೆ” ಅಂದಳು.

ಯಂತ್ರ ಮೋಸ ಮಾಡಲಿಲ್ಲ, ಇದ್ದ ಶಾಖವನ್ನೇ ತೋರಿಸಿತು. ಈ ಕಸುಬು ನನಗೆ ತಡವಾಗಿ ಕಲಿಸಿದ್ದು ಇಷ್ಟು: ಹುಳು ಕೆಟ್ಟರೆ ಮೊದಲು ಮನೆಯ ಸುತ್ತ ಒಂದು ಸುತ್ತು ಹಾಕು. ನಿನ್ನನ್ನು ಬೈದುಕೊಳ್ಳುವುದು ಆಮೇಲೆ.

ಮರುದಿನ ಬೆಳಿಗ್ಗೆ ಸತ್ತ ಹುಳುವನ್ನು ಗುಂಡಿಗೆ ಹಾಕಿ ಸುಣ್ಣ ಎರಚಿದೆ. ಕೈ ತೊಳೆದು ಅವಳ ಜೊತೆ ಕೋಲಾರದ ಬಸ್ಸು ಹತ್ತಿದೆ. ಕಾಲೇಜಿನಲ್ಲಿ ಅವಳ ಮೇಷ್ಟ್ರ ಬಾಗಿಲ ಮುಂದೆ, “ನೀನ್ ಹೇಳ್ತೀಯೋ, ನಾನ್ ಹೇಳ್ಲೋ?” ಅಂದೆ.

ಅವಳು ನೆಲ ನೋಡಿದಳು. ನಾನೇ ಹೇಳಿದೆ.